ಯಾವ ರಾಗಿ?

ನಮ್ಮ ಅಜ್ಜಿಯ ಊರಿನಲ್ಲಿ ರಾಗಿಗೆ ಎರಡೇ ಜಾತಿ. ಒಂದು ನಾಟಿ, ಇನ್ನೊಂದು ಇಂಡಾಫ್. ಇಂಡಿಯಾದ ತಳಿಗೂ ಆಫ್ರಿಕಾದ ತಳಿಗೂ ಸಂಬಂಧ ಬೆಳೆಸಿ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಮಾಡಿದ್ದರಿಂದ ಅದಕ್ಕೆ ಇಂಡಾಫ್ ಎಂದು ಹೆಸರು ಬಂತೆಂಬುದು ನನಗೆ ತಿಳಿದದ್ದು ಬಹಳ ಆಮೇಲೆ. ಏಳೆಂಟು ವರ್ಷದ ನನಗೆ ಗೊತ್ತಿದ್ದದ್ದು ಇಷ್ಟೇ, ಎರಡು ಜಾತಿ. ಹೀಗಿರುವಾಗ ಶ್ರಾವಣದ ಒಂದು ಶನಿವಾರ ಶಂಖ, ಜಾಗಟೆ, ಬವನಾಸಿ ಹಿಡಿದು ಬಾಗಿಲಿಗೆ ಬಂದ ದಾಸಯ್ಯ ಒಂದೇ ಉಸಿರಿನಲ್ಲಿ ಇನ್ನೂ ಮೂರು ಜಾತಿಗಳ ಹೆಸರು ಹೇಳಿಬಿಟ್ಟ. ಯೋಗ್ಯ ರಾಗಿ, ಭೋಗ್ಯ ರಾಗಿ, ಭಾಗ್ಯವಂತ ರಾಗಿ.

ಹಾಡು ಪುರಂದರದಾಸರದು, ‘ರಾಗಿ ತಂದಿರಾ ಭಿಕ್ಷಕೆ ರಾಗಿ ತಂದಿರಾ’. ನನಗೆ ಅದು ಹಾಡಿನಂತೆ ಕೇಳಿಸಲೇ ಇಲ್ಲ, ಪಟ್ಟಿಯಂತೆ ಕೇಳಿಸಿತು. ಯೋಗ್ಯ ರಾಗಿ ಯಾವುದೆಂದು ಊಹಿಸುವುದು ಕಷ್ಟವಾಗಲಿಲ್ಲ. ಕಲ್ಲು, ಹೊಟ್ಟು ಇಲ್ಲದಂತೆ ಕೇರಿ ಬಿತ್ತನೆಗೆಂದು ಅಜ್ಜಿ ಬೇರೆ ಎತ್ತಿಡುತ್ತಿದ್ದಳಲ್ಲ, ಅದು. ಭಾಗ್ಯವಂತ ರಾಗಿ ಮೇಲಿನ ಬೀದಿಯ ದೊಡ್ಡ ಮನೆಯವರದು. ಭೋಗ್ಯ ರಾಗಿಯ ವಿಷಯದಲ್ಲಂತೂ ನನಗೆ ಅನುಮಾನವೇ ಇರಲಿಲ್ಲ. ಅತ್ತೆಯ ಮದುವೆಗೆ ಹಣ ಸಾಲದೆ ಕೆಳಗಿನ ಹೊಲವನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿದ್ದರು. ಭೋಗ್ಯವೆಂದರೆ ಏನೆಂದು ಕೋಲಾರದ ಕಡೆಯ ಮಕ್ಕಳಿಗೆ ಯಾರೂ ಕೂರಿಸಿ ಹೇಳಿಕೊಡಬೇಕಿಲ್ಲ. ಹಣ ನಮ್ಮ ಕೈಗೆ, ಹೊಲ ಅವರ ಕೈಗೆ. ಬಡ್ಡಿ ಇಲ್ಲ, ಬದಲಿಗೆ ಬೆಳೆ ಅವರದು. ನಮ್ಮ ಹೊಲದಲ್ಲಿ ಬೆಳೆದ ರಾಗಿ ನಮ್ಮ ಮನೆಯ ಮುಂದೆಯೇ ಗಾಡಿಯಲ್ಲಿ ಇನ್ನೊಬ್ಬರ ಕಣಕ್ಕೆ ಹೋಗುವುದನ್ನು ಎರಡು ಸುಗ್ಗಿ ನೋಡಿದ್ದೆ.

ಅಜ್ಜಿ ಮೊರದಲ್ಲಿ ಒಂದು ಪಾವು ರಾಗಿ ತಂದಳು. ನಾನು ಅವಳ ಸೆರಗು ಜಗ್ಗಿ ಕೇಳಿದೆ:

“ಅಜ್ಜೀ, ನಮ್ಮ ಕೆಳಗಿನ ಹೊಲದ್ದೇ ಅಲ್ಲವೇ ಭೋಗ್ಯ ರಾಗಿ?”

ಜಾಗಟೆ ನಿಂತಿತು. ಅಜ್ಜಿ ಮೊದಲು ಸುಮ್ಮನಿದ್ದಳು, ಆಮೇಲೆ ನಗತೊಡಗಿದಳು. ನಗು ಎಷ್ಟಾಯಿತೆಂದರೆ ಮೊರ ಅಲುಗಾಡಿ ಅರ್ಧ ರಾಗಿ ಹೊಸ್ತಿಲ ಮೇಲೆ ಚೆಲ್ಲಿತು. ಸೆರಗಿನಿಂದ ಕಣ್ಣೊರೆಸಿಕೊಂಡು, “ಹೌದು ಕಂದ, ಅದನ್ನು ನಾವು ಉಣ್ಣುವ ಹಾಗಿಲ್ಲ” ಎಂದಳು. ಕಣ್ಣೊರೆಸಿಕೊಂಡದ್ದು ನಗುವಿಗೆ ಮಾತ್ರವೇ ಎಂದು ಈಗ ಯೋಚಿಸುತ್ತೇನೆ. ಆಗ ನನ್ನ ಗಮನವೆಲ್ಲ ಹೊಸ್ತಿಲ ಮೇಲಿನ ಕಾಳುಗಳನ್ನು ಆಯುವುದರಲ್ಲಿತ್ತು.

ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಮೇಷ್ಟರು ನನ್ನ ಕಣಜವನ್ನು ಒಂದೇ ಏಟಿಗೆ ಬರಿದು ಮಾಡಿದರು. ಯೋಗ್ಯರು ಎಂಬುದರ ಮುಂದೆ ಆಗಿ ಬಂದರೆ ಯೋಗ್ಯರಾಗಿ. ಕೊನೆಯ ಉಕಾರ ಹಾರಿಹೋಯಿತು, ಲೋಪಸಂಧಿ. ಭೋಗ್ಯರಾಗಿ, ಭಾಗ್ಯವಂತರಾಗಿ ಎಲ್ಲವೂ ಹಾಗೆಯೇ. ದಾಸರು ಭಿಕ್ಷೆ ಬೇಡುವವರಂತೆ ನಿಂತು ಕೊಡುವವರಿಗೇ ಬುದ್ಧಿ ಹೇಳುತ್ತಿದ್ದಾರೆ, ಅನ್ನದಾನ ಮಾಡುವವರಾಗಿ, ಒಳ್ಳೆಯವರಾಗಿ ಎನ್ನುತ್ತಿದ್ದಾರೆ, ಇದು ಶ್ಲೇಷೆ. ಮೇಷ್ಟರು ಹೇಳಿದ್ದು ಸರಿಯಾಗಿತ್ತು, ಪರೀಕ್ಷೆಯಲ್ಲಿ ಅಂಕವೂ ಬಂತು. ಆದರೂ ಲೋಪವಾದದ್ದು ಬರಿಯ ಉಕಾರವೆಂದು ನನಗೆ ಅನಿಸಲಿಲ್ಲ. ಐದು ಜಾತಿಯ ರಾಗಿಯಿಂದ ಮತ್ತೆ ಎರಡಕ್ಕೆ ಇಳಿದಿದ್ದೆ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬಹುದು. ದಾಸರಾಗುವ ಮೊದಲು ಪುರಂದರರು ಒತ್ತೆ ಇಟ್ಟುಕೊಂಡು ಸಾಲ ಕೊಡುವ ಸಾಹುಕಾರರಾಗಿದ್ದರು, ಮೂಗುತಿಯೊಂದರ ಪ್ರಸಂಗದಿಂದ ಎಲ್ಲವನ್ನೂ ಬಿಟ್ಟು ಹೊರಟರು ಎಂದು ಕಥೆ. ಅಡವು, ಭೋಗ್ಯ, ಬಡ್ಡಿಗಳ ಒಳಹೊರಗು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಕೆಳಗಿನ ಹೊಲ ಅವರ ಮನಸ್ಸಿನಲ್ಲಿ ಇರಲೇ ಇಲ್ಲವೆಂದು ಮೇಷ್ಟರು ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತಾರೆ?

ಈಗ ನಾವು ಕೋಲಾರದ ಪೇಟೆಯಲ್ಲಿದ್ದೇವೆ. ಎದುರು ಮನೆಯ ಅಕ್ಕ ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ಒಮ್ಮೆ ನನ್ನ ಭೋಗ್ಯ ರಾಗಿಯ ಕಥೆ ಹೇಳಿದಾಗ ಅವರು ನಗಲಿಲ್ಲ. “ಅಂದರೆ ಅದು ಕಾಳು ರಾಗಿಯೇ?” ಎಂದು ಗಂಭೀರವಾಗಿ ಕೇಳಿದರು. ತೆಲುಗಿನಲ್ಲಿ ರಾಗಿ ಎಂದರೆ ತಾಮ್ರ. ಕಾಳಾದರೆ ರಾಗುಲು. ರಾಗಿ ಚೆಂಬು ಎಂದರೆ ಅವರ ಮನೆಯಲ್ಲಿ ದೇವರ ಮುಂದೆ ಇಡುವ ತಾಮ್ರದ ಚೆಂಬು. ದಾಸಯ್ಯ ತಾಮ್ರದ ಕಾಸು ಕೇಳುತ್ತಿದ್ದಾನೆಂದು ಅವರು ಚಿಕ್ಕಂದಿನಿಂದಲೂ ತಿಳಿದಿದ್ದರಂತೆ. ಅದಕ್ಕೇ ಅವರ ತಾಯಿ ಅಕ್ಕಿಯ ಮೇಲೆ ತಪ್ಪದೆ ಒಂದು ನಾಣ್ಯ ಇಟ್ಟು ಹಾಕುತ್ತಿದ್ದರಂತೆ. ನೋಡಿ, ಒಂದೇ ಶಬ್ದ ಒಂದು ಬೀದಿ ದಾಟುವಷ್ಟರಲ್ಲಿ ಧಾನ್ಯದಿಂದ ಲೋಹವಾಯಿತು. ದಾಸಯ್ಯನಿಗೇನೂ ನಷ್ಟವಿಲ್ಲ ಬಿಡಿ.

ಈ ಎರಡು ಭಾಷೆಗಳ ಗಡಿಯಲ್ಲಿ ಇದೇನು ಹೊಸತಲ್ಲ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ನಮ್ಮ ಭಜನೆಯ ಗುಂಪಿನಲ್ಲಿ ತೆಲುಗು ಬಾರದವರೇ ತೆಲುಗು ಪದಗಳನ್ನು ಹೆಚ್ಚು ಭಾವದಿಂದ ಹಾಡುತ್ತಾರೆ. ಅರ್ಥ ಅಡ್ಡ ಬರುವುದಿಲ್ಲ, ಅದಕ್ಕಿರಬಹುದು.

ಶುಕ್ರವಾರದ ಭಜನೆಗೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಇಲ್ಲದೆ ನಡೆಯುವುದಿಲ್ಲ. ಅದರಲ್ಲಿ ಸಕ್ಕರೆ ತುಪ್ಪದ ಕಾಲುವೆ ಹರಿಸುವ ಸಾಲು ಬಂದಾಗಲೆಲ್ಲ ಪಕ್ಕದ ಬೀದಿಯ ನಿವೃತ್ತ ಓವರ್‌ಸಿಯರರ ಮುಖದಲ್ಲಿ ಚಿಂತೆ ಕಾಣುತ್ತದೆ. ತುಪ್ಪ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಇಳಿಜಾರು ಹೆಚ್ಚು ಬೇಕಾಗುತ್ತದೆ ಎಂದು ಒಮ್ಮೆ ಮಂಗಳಾರತಿಯ ನಂತರ ನನಗೆ ವಿವರಿಸಿದರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಜಿಲ್ಲೆಯವರು ಕಾಲುವೆ ಎಂಬ ಶಬ್ದವನ್ನು ಹಗುರವಾಗಿ ಕೇಳಲಾರರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಬಚ್ಚಲುಗಳಿಂದ ಹೊರಟು ಎರಡು ಹಂತ ಶುದ್ಧವಾದ ನೀರು, ಪೈಪಿನಲ್ಲಿ ಬಂದು ಮೊದಲು ಬಿದ್ದದ್ದು ಲಕ್ಷ್ಮೀಸಾಗರದ ಕೆರೆಗೆ. ಅಂದಿನಿಂದ ಓವರ್‌ಸಿಯರರು ಈ ಹಾಡನ್ನು ಫಲಿಸಿದ ಅರ್ಜಿಯೆಂದು ಭಾವಿಸುತ್ತಾರೆ. “ತುಪ್ಪ ಕೇಳಿದೆವು, ಏನು ಬಂತೋ ಬಂತು. ಹೆಸರಾದರೂ ಲಕ್ಷ್ಮಿಯದೇ ಅಲ್ಲವೇ?” ಎನ್ನುತ್ತಾರೆ.

ಅದೇ ಹಾಡಿನಲ್ಲಿ ಲಕ್ಷ್ಮಿ ‘ಮಜ್ಜಿಗೆಯೊಳಗಿನ ಬೆಣ್ಣೆಯಂತೆ’ ಬರಬೇಕು. ಇದರ ಮೇಲೆ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಮ್ಮನಿಗೆ ಇದು ಕಡೆಯುವವಳ ಮಾತು. ಬೆಣ್ಣೆ ಒಳಗೇ ಇರುತ್ತದೆ, ಆದರೆ ಬೇಸಿಗೆಯಲ್ಲಿ ಸರಿಯಾದ ಹೊತ್ತಿಗೆ ಒಂದು ಲೋಟ ತಣ್ಣೀರು ಹಾಕದಿದ್ದರೆ ಎಷ್ಟು ಕಡೆದರೂ ಕೂಡಿಬರುವುದಿಲ್ಲ. ಅದೃಷ್ಟಕ್ಕೂ ಕೈಗುಣ ಬೇಕು ಎನ್ನುತ್ತಾಳೆ. ನನ್ನ ಹೆಂಡತಿಯದು ಬೇರೆ ವಾದ. ಮಜ್ಜಿಗೆಯೊಳಗಿನ ಬೆಣ್ಣೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಲಕ್ಷ್ಮೀ, ನೀನು ಬರುವುದಾದರೆ ಸದ್ದಿಲ್ಲದೆ ಬಾ, ಬಂದದ್ದು ನೆಂಟರಿಗೆ ತಿಳಿದರೆ ಕೈಸಾಲ ಕೇಳಲು ಬರುತ್ತಾರೆ ಎಂದು ಅರ್ಥ. ಗೆಜ್ಜೆಯ ಸದ್ದು ಮಾಡುತ್ತ ಬಾ ಎಂದು ಹಿಂದಿನ ಸಾಲಿನಲ್ಲೇ ಇದೆಯಲ್ಲ ಎಂದು ನಾನು ತಕರಾರು ತೆಗೆದೆ. “ಅದು ನಮಗೆ ಮಾತ್ರ ಕೇಳಿಸುವಷ್ಟು” ಎಂದಳು. ಹಾಡಿನ ಅರ್ಥ ಹೇಳುವವರನ್ನು ಹಾಡಿನಿಂದಲೇ ಸೋಲಿಸುವುದು ಸಾಧ್ಯವಿಲ್ಲ.

ಸಿನಿಮಾ ಹಾಡುಗಳ ಕಡೆ ನಾನು ಹೋಗುವುದಿಲ್ಲ, ಹೋದರೆ ಬಸ್ಸು ಚಿಂತಾಮಣಿ ಮುಟ್ಟಿದರೂ ಮಾತು ಮುಗಿಯುವುದಿಲ್ಲ. ಮದುವೆಯ ಮೆರವಣಿಗೆಯಲ್ಲಿ ವಾಲಗದವರು ಅಗಲಿಕೆಯ ಹಾಡನ್ನು ಖುಷಿಯಾಗಿ ನುಡಿಸುವುದೂ, ಗಂಡು ಹೆಣ್ಣು ಅದಕ್ಕೆ ತಲೆದೂಗುವುದೂ ಎಲ್ಲರೂ ಕಂಡದ್ದೇ.

ಕಳೆದ ಶ್ರಾವಣದಲ್ಲಿ ನಮ್ಮ ಬೀದಿಗೆ ಒಬ್ಬ ದಾಸಯ್ಯ ಬಂದ. ಇತ್ತೀಚೆಗೆ ಬರುವುದೇ ಅಪರೂಪ. ಜಾಗಟೆ ಕೇಳಿದೊಡನೆ ನಾನು ಒಳಗೆ ಓಡಿದೆ. ಮನೆಯಲ್ಲಿ ಮೊರ ಎಲ್ಲಿದೆಯೆಂದು ಹುಡುಕಿ, ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಊರಿನಿಂದ ಬಂದಿದ್ದ ರಾಗಿ ತುಂಬಿಕೊಂಡು ಬರುವ ಹೊತ್ತಿಗೆ ಅವನು ಅದೇ ಹಾಡಿನ ಎರಡನೆಯ ಚರಣದಲ್ಲಿದ್ದ. ಕೆಳಗಿನ ಹೊಲದ್ದೇ ರಾಗಿ. ಭೋಗ್ಯ ಬಿಡಿಸಿಕೊಂಡು ಮೂವತ್ತು ವರ್ಷವಾಗಿದೆ. ಅವನಿಗೆ ಅದನ್ನೂ ಹೇಳೋಣವೆಂದು ಬಾಯಿ ತೆರೆದೆ.

ದಾಸಯ್ಯ ಮೊರದೊಳಗೆ ಇಣುಕಿದ. ಹಾಡು ನಿಲ್ಲಿಸಿದ.

“ಅಕ್ಕಿ ಇಲ್ಲವೇ ಸ್ವಾಮಿ? ರಾಗಿಯಾದರೆ ಮಿಲ್ಲಿಗೆ ಹೊತ್ತುಕೊಂಡು ಹೋಗಬೇಕು.”

“ಮತ್ತೆ ನೀನೇ ರಾಗಿ ತಂದಿರಾ ಎಂದು ಕೇಳಿದೆಯಲ್ಲಪ್ಪ?”

“ಅದು ಹಾಡು ಸ್ವಾಮಿ” ಎಂದು ಜೋಳಿಗೆಯ ಬಾಯಿ ಅಗಲಿಸಿದ.