ಹಿತ್ತಲ ಕರಿಬೇವು, ಕೊಡಗಿನ ಕಿತ್ತಳೆ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕನ್ನಡದವರ ಮನೆ ಅಂದರೆ ಹಿತ್ತಲಲ್ಲಿ ಕರಿಬೇವು ಇರಲೇಬೇಕು. ಪಕ್ಕದಲ್ಲೇ ಒಂದು ನಿಂಬೆಯೋ ಕಿತ್ತಳೆಯೋ ಇರುತ್ತದೆ. ಗೃಹಪ್ರವೇಶಕ್ಕೆ ಹೋಗುವಾಗ ಕರಿಬೇವಿನ ಸಸಿ ಕೊಂಡೊಯ್ಯುವ ರೂಢಿಯೂ ನಮ್ಮಲ್ಲಿದೆ. ನಾನು ರಿವರ್‌ಸೈಡ್ ಕಡೆಯವನು. ಈ ರೂಢಿಯನ್ನು ನಾವು ಬಿಡಲೇಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ.

ಕಾರಣ, ಸಸಿಯ ಜೊತೆಗೇ ಸಾಗಿಬಿಡುವ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಎಂಬ ಹುಳ. ಎಳ್ಳುಕಾಳಿನಷ್ಟು ಗಾತ್ರ. ತಲೆ ಕೆಳಗೆ ಮಾಡಿ, ಹಿಂಭಾಗ ಎತ್ತಿಕೊಂಡು ಕೂರುತ್ತದೆ. ಕರಿಬೇವು, ಕಿತ್ತಳೆ, ನಿಂಬೆ ಎಲ್ಲ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಎಲ್ಲದರ ಚಿಗುರೂ ಇದಕ್ಕೆ ಬೇಕು. ಎಳೆ ಎಲೆ ಸುರುಳಿ ಸುತ್ತಿದ್ದರೆ ಬಿಡಿಸಿ ನೋಡಿ. ಹಳದಿ ಮರಿಗಳು, ಅವುಗಳ ಹಿಂದೆ ಮೇಣದಂಥ ಬಿಳಿ ಎಳೆಗಳು ಕಂಡರೆ ಅದೇ.

ಹುಳ ರಸ ಹೀರಿದರೆ ಅಷ್ಟೇನೂ ನಷ್ಟವಿಲ್ಲ. ಆದರೆ ಕಿತ್ತಳೆ ಜಾತಿಯ ಒಂದು ಗಿಡದಿಂದ ಇನ್ನೊಂದಕ್ಕೆ, ಎಲೆ ಹಳದಿಯಾಗಿಸಿ ಮರವನ್ನೇ ಕೊಲ್ಲುವ ಗ್ರೀನಿಂಗ್ ರೋಗ ದಾಟಿಸುವುದು ಇದೇ. ಈ ರೋಗಕ್ಕೆ ಮದ್ದಿಲ್ಲ. ಫ್ಲೋರಿಡಾದಲ್ಲಿ ರೋಗ ಕಂಡದ್ದು 2005ರಲ್ಲಿ. ಅದಕ್ಕೂ ಮುಂಚೆ ಒಂದು ಹಂಗಾಮಿಗೆ 24 ಕೋಟಿ ಪೆಟ್ಟಿಗೆ ಕಿತ್ತಳೆ ಕೊಟ್ಟಿದ್ದ ಆ ರಾಜ್ಯ ಈಗ 2 ಕೋಟಿಗೂ ಕೆಳಗಿಳಿದಿದೆ. ಕ್ಯಾಲಿಫೋರ್ನಿಯಾಕ್ಕೆ ಹುಳ ಬಂದದ್ದು 2008ರಲ್ಲಿ, ರೋಗ ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಬಳಿಯ ಒಂದು ಮನೆಯ ಹಿತ್ತಲಲ್ಲಿ.

ಆಮೇಲೆ ಇಲ್ಲಿ ನಡೆದ ಕೆಲಸ ನನಗೆ ತುಂಬಾ ಹಿಡಿಸಿತು. ಹುಳಕ್ಕೆ ಬೇಲಿ ಗೊತ್ತಿಲ್ಲ, ಆದ್ದರಿಂದ ಒಬ್ಬನ ತೋಟ ಕಾಪಾಡಿ ಪ್ರಯೋಜನವಿಲ್ಲ ಅನ್ನೋದನ್ನು ಎಲ್ಲರೂ ಒಪ್ಪಿಕೊಂಡರು. ಒಂದು ಭಾಗದ ಬೆಳೆಗಾರರೆಲ್ಲ ಒಂದೇ ಅವಧಿಯೊಳಗೆ ಔಷಧಿ ಹೊಡೆಯುತ್ತಾರೆ. ಮಾರುವ ಪ್ರತಿ ಪೆಟ್ಟಿಗೆಯ ಮೇಲೆ ಇಷ್ಟು ಅಂತ ಅವರೇ ಹಣ ಕಟ್ಟುತ್ತಾರೆ. ಆ ಹಣದಲ್ಲಿ ನಮ್ಮಂಥವರ ಹಿತ್ತಲಿಗೂ ಸಿಬ್ಬಂದಿ ಬಂದು ಹಳದಿ ಅಂಟು ಬಲೆ ಕಟ್ಟುತ್ತಾರೆ, ಎಲೆ ಕಿತ್ತು ಪರೀಕ್ಷೆಗೆ ಒಯ್ಯುತ್ತಾರೆ. ಕರಿಬೇವು ಬೆಳೆಸಬೇಡಿ ಅಂತ ಯಾರೂ ಹೇಳುವುದಿಲ್ಲ. ಗಿಡವನ್ನು ಕ್ವಾರಂಟೈನ್ (ಗಿಡ ಸಾಗಣೆಗೆ ನಿರ್ಬಂಧವಿರುವ ಪ್ರದೇಶದ) ಗಡಿ ದಾಟಿಸಬೇಡಿ ಅನ್ನುತ್ತಾರೆ, ಅಷ್ಟೇ.

ಇನ್ನೊಂದು ಕೆಲಸವನ್ನು ಇಲ್ಲಿನ ವಿಶ್ವವಿದ್ಯಾಲಯ ಮಾಡಿತು. ಪಾಕಿಸ್ತಾನದ ಪಂಜಾಬಿನಿಂದ ಟಮರಿಕ್ಸಿಯಾ ಎಂಬ ಪುಟ್ಟ ಕಣಜದ ಹುಳ ತಂದು, ಪರೀಕ್ಷಿಸಿ, 2011ರ ಡಿಸೆಂಬರ್‌ನಲ್ಲಿ ಬಿಟ್ಟರು. ಇದು ಸಿಲ್ಲಿಡ್ ಮರಿಯ ಹೊಟ್ಟೆಯಡಿ ಮೊಟ್ಟೆ ಇಡುತ್ತದೆ. ಹೊರಬಂದ ಕಣಜದ ಮರಿ ಆ ಮರಿಯನ್ನೇ ತಿಂದು ಬೆಳೆಯುತ್ತದೆ. ಇದಕ್ಕೆ ಅಡ್ಡ ಬರುವುದು ಇರುವೆ. ಸಿಲ್ಲಿಡ್ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು ಕಣಜವನ್ನು ಓಡಿಸುತ್ತವೆ. ಹಾಗಾಗಿ ನಿಮ್ಮ ಗಿಡಕ್ಕೆ ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಸಕ್ಕರೆ ನೀರಿಗೆ ಚೂರೇ ಚೂರು ಬೋರಿಕ್ ಪುಡಿ ಇರುವ ಇರುವೆ ಮದ್ದು ಅಂಗಡಿಯಲ್ಲೇ ಸಿಗುತ್ತದೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇದನ್ನೆಲ್ಲ ನೋಡುವಾಗ ಕೊಡಗು ನೆನಪಾಗದೆ ಇರುವುದಿಲ್ಲ. ಕಾಫಿ ತೋಟದ ನೆರಳಲ್ಲಿ, ಮೆಣಸಿನ ಬಳ್ಳಿಯ ಜೊತೆ ಬೆಳೆಯುತ್ತಿದ್ದ ಆ ಕಿತ್ತಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಮರಗಳು ಮಾತ್ರ ಹೋದವು. ಗ್ರೀನಿಂಗ್, ಟ್ರಿಸ್ಟೆಜಾ ವೈರಸ್, ಬೇರು ಕೊಳೆ, ಎಲ್ಲ ಸೇರಿ ತೋಟಗಳನ್ನು ತಿಂದವು. ನಮ್ಮಲ್ಲಿ ತಿಳಿದವರಿಗೇನೂ ಕೊರತೆಯಿಲ್ಲ. ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರವಿದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆ ಕಣಜ ನಮ್ಮ ದೇಶದಲ್ಲೂ ಇದೆ! ಆದರೆ ಎಲೆ ಹಳದಿಯಾದಾಗ ಸಣ್ಣ ಬೆಳೆಗಾರ ಒಬ್ಬನೇ ಎಲೆ ಹಿಡಿದು ಔಷಧಿ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಕೊಟ್ಟದ್ದನ್ನು ಹೊಡೆಯುತ್ತಾನೆ. ಕಣಜ ಸಾಯುತ್ತದೆ. ಪಕ್ಕದ ತೋಟದವರು ಹೊಡೆಯದಿದ್ದರೆ ಹುಳ ಮತ್ತೆ ಬರುತ್ತದೆ.

ನಾಟಿಗೆ, ಕೊಯ್ಲಿಗೆ ಮುಯ್ಯಾಳು ಕೂಡಿಸಿ ಕೆಲಸ ಮಾಡಿದ ಜನ ನಾವು. ರೋಗದ ವಿಷಯದಲ್ಲಿ ಮಾತ್ರ ಯಾಕೆ ಒಬ್ಬೊಬ್ಬರೇ ಸಾಯಬೇಕು? ಅಮೆರಿಕದ ದುಡ್ಡು ನಮ್ಮಲ್ಲಿಲ್ಲ, ನಿಜ. ಹಳದಿ ಅಂಟು ಬಲೆಗೆ ಎಷ್ಟು ದುಡ್ಡು ಬೇಕು? ಒಂದು ಊರಿನ ತೋಟಗಳೆಲ್ಲ ಚಿಗುರು ಬರುವ ಕಾಲಕ್ಕೆ ಬಲೆ ಕಟ್ಟಿ, ಹುಳ ಎಣಿಸಿ, ಹೊಡೆಯಬೇಕೋ ಬೇಡವೋ ಅಂತ ಕೂತು ತೀರ್ಮಾನಿಸಬಹುದು.

ಸಸಿಯದ್ದು ಮಾತ್ರ ಸರ್ಕಾರದ ಕೆಲಸ. ಇಲ್ಲಿ ಮಾರುವ ಕಿತ್ತಳೆ ಸಸಿ ಹುಳ ನುಗ್ಗದ ಬಲೆಮನೆಯಲ್ಲೇ ಬೆಳೆಯಬೇಕು, ಕಸಿ ಕಡ್ಡಿ ಪರೀಕ್ಷೆಯಾದ ತಾಯಿ ಮರದ್ದೇ ಆಗಬೇಕು. ಕೊಡಗಿನ ರೈತರಿಗೂ ಅಂಥದೇ ಸಸಿ ಕೈಗೆಟುಕುವ ಬೆಲೆಗೆ ಸಿಗಬೇಕು. ರೋಗ ಹಿಡಿದ ಮರ ಕಡಿಯಿರಿ ಅಂತ ಹೇಳಲು ಬರುವ ಅಧಿಕಾರಿ ಬದಲಿ ಸಸಿಯನ್ನೂ, ಅದು ಫಲ ಕೊಡುವವರೆಗಿನ ಪರಿಹಾರವನ್ನೂ ಜೊತೆಗೇ ತರಲಿ. ಬರಿಗೈಲಿ ಬಂದರೆ ಯಾವ ರೈತ ಕೊಡಲಿ ಎತ್ತುತ್ತಾನೆ?