ನಿಲ್ಸನ ಮಗಳು ಗ್ರೋ ಮತ್ತು ನಮ್ಮ ಮನೆಯ ವಂಶವೃಕ್ಷ

ಕಳೆದ ವರ್ಷ ಚಳಿಗಾಲದ ಆರಂಭದಲ್ಲಿ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಕಾಫಿಗೆ ಕರೆದು, ತಮ್ಮ ಪೂರ್ವಜರ ಕಾಗದಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿ ತೋರಿಸುತ್ತಿದ್ದಾಗ, ತೀರ ಸಹಜವಾಗಿ "ನಿಮ್ಮ ತಂದೆಯ ಅಜ್ಜಿಯ ಹೆಸರೇನು?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮಲೆನಾಡಿನ ಸಾಗರದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಚೌಕಟ್ಟು ಹಾಕಿಸಿಟ್ಟ ವಂಶವೃಕ್ಷವಿದೆ, ಅದರಲ್ಲಿ ಏಳು ತಲೆಮಾರಿನ ಹೆಸರುಗಳಿವೆ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಆ ಮಾತು ಮುಗಿಸುವ ಮೊದಲೇ ಆ ಏಳು ತಲೆಮಾರಿನಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲವೆಂಬುದು ನೆನಪಾಗಿ ಮಾತು ಗಂಟಲಲ್ಲೇ ಉಳಿಯಿತು.

ನಾನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದ ದಕ್ಷಿಣ ಭಾಗದ ಸಣ್ಣ ಊರಿನಲ್ಲಿ. ಇಲ್ಲಿ ನಾರ್ವೆ ಮೂಲದ ರೈತರ ಮನೆತನಗಳು ಬಹಳ. 1825ರಲ್ಲಿ ಸ್ತವಾಂಗರ್ ಬಂದರಿನಿಂದ ಸಣ್ಣದೊಂದು ಹಾಯಿಹಡಗು ಹೊರಟಾಗ ಮೊದಲಾದ ಈ ವಲಸೆಯಲ್ಲಿ ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ನಾರ್ವೆಯನ್ನು ಬಿಟ್ಟು ಬಂದರು. ನೆರೆಮನೆಯವರು ತಮ್ಮ ಮುತ್ತಜ್ಜ ಮುತ್ತಜ್ಜಿಯನ್ನು ಹುಡುಕಿಕೊಂಡು ಹೋದ ದಾರಿ ಕೇಳುವಂತಿತ್ತು. ಮೊದಲು ಚರ್ಚಿನ ಆವರಣದ ಸಮಾಧಿಕಲ್ಲು. ಆಮೇಲೆ ವಲಸೆ ಬಂದ ವರ್ಷವನ್ನು ಕೇಳಿ ಬರೆದುಕೊಂಡ 1900ರ ಜನಗಣತಿ. ಅದರ ಹಿಂದೆ 1880ರದು, ಏಕೆಂದರೆ ನಡುವಿನ 1890ರ ಗಣತಿಯ ಹಾಳೆಗಳು ಬೆಂಕಿಗೆ ಸಿಕ್ಕಿ ಹೆಚ್ಚುಕಡಿಮೆ ಪೂರ್ತಿ ನಾಶವಾಗಿವೆ. ಅಲ್ಲಿಂದ ಸರ್ಕಾರ ಕೊಟ್ಟ ಭೂಮಿಯ ಹಕ್ಕುಪತ್ರ. ಕೊನೆಗೆ ನಾರ್ವೆಯ ಹಳ್ಳಿಯ ಪಾದ್ರಿ ಊರು ಬಿಟ್ಟವರನ್ನೆಂದೇ ಬೇರೆಯಾಗಿ ಪಟ್ಟಿ ಮಾಡಿಟ್ಟ ಚರ್ಚಿನ ಪುಸ್ತಕದ ಒಂದು ಸಾಲು. ಈ ಪುಸ್ತಕಗಳ ಚಿತ್ರಗಳನ್ನು ನಾರ್ವೆಯ ದಾಖಲೆ ಇಲಾಖೆ ಯಾರು ಬೇಕಾದರೂ ಹಣ ಕೊಡದೆ ನೋಡುವಂತೆ ತೆರೆದಿಟ್ಟಿದೆ. ಗಂಡು, ಹೆಣ್ಣು, ಆಳು, ಒಕ್ಕಲು ಎನ್ನದೆ ಎಲ್ಲರ ಹೆಸರೂ ಅಲ್ಲಿದೆ.

ಅವರ ಪೂರ್ವಜರ ಹೆಸರು ಅವರ ಮನೆಯದು, ಇಲ್ಲಿ ಬೇಡ. ಆದರೆ ಆ ದಿನ ಅವರು ಓದಲು ಕೊಟ್ಟದ್ದು ಗ್ರೋ ಸ್ವೆಂಡ್ಸನ್ ಎಂಬವಳು ಬರೆದ, 1950ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಗಳನ್ನು; ಅವಳ ಮತ್ತು ಅವಳ ಗಂಡ ಓಲೆಯ ಬಗ್ಗೆ ಹೇಳಬಹುದು. (ಗಂಡನ ಹೆಸರೇ ಓಲೆ ಎಂಬುದು ಕನ್ನಡದ ಕಿವಿಗೆ ಎಷ್ಟು ಹಿತವಾಗಿ ಕೇಳುತ್ತದೆ!) ಗ್ರೋ 1841ರಲ್ಲಿ ಹಾಲಿಂಗ್‌ಡಾಲ್ ಎಂಬ ಬೆಟ್ಟದ ಕಣಿವೆಯಲ್ಲಿ ಹುಟ್ಟಿದವಳು. 1862ರಲ್ಲಿ ಮದುವೆಯಾಗಿ, ಅದೇ ವರ್ಷ ಗಂಡನೊಂದಿಗೆ ಹಡಗು ಹತ್ತಿದಳು. ಮರುವರ್ಷ ಅಯೋವಾದ ವಾಯವ್ಯ ಮೂಲೆಯ ಎಸ್ತರ್‌ವಿಲ್ ಬಳಿ ಇಬ್ಬರೂ ನೆಲೆ ನಿಂತರು. ಅಲ್ಲಿಂದ ಅವಳು ತವರಿಗೆ ಬರೆದ ಕಾಗದಗಳಲ್ಲಿ ಸಾಹಸದ ಬಣ್ಣನೆಗಿಂತ ಮನೆವಾರ್ತೆಯೇ ಹೆಚ್ಚು. ಇಲ್ಲಿನ ಸೆಕೆಗೆ ಬೇಸಿಗೆಯಲ್ಲಿ ಕಡೆದ ಬೆಣ್ಣೆ ಚಳಿಗಾಲದವರೆಗೆ ಉಳಿಯುವುದಿಲ್ಲ, ಅಡುಗೆಯನ್ನೂ ಮೊದಲಿನಿಂದ ಕಲಿಯಬೇಕಾಗಿದೆ ಎಂದು ಅವಳು ತಾಯಿತಂದೆಗೆ ತಿಳಿಸುತ್ತಾಳೆ. ಓಲೆಯನ್ನು ಅಂತರ್ಯುದ್ಧದ ಸೈನ್ಯಕ್ಕೆ ಕರೆದೊಯ್ದರು, ಅವನು ಜೀವಂತ ಮರಳಿದ. 1870ರ ದಶಕದಲ್ಲಿ ಮಿಡತೆಯ ದಂಡು ಬಂದು ಬೆಳೆಯನ್ನು ತಿಂದುಹಾಕಿತು. 1878ರಲ್ಲಿ, ಮೂವತ್ತೇಳರ ಆಸುಪಾಸಿನಲ್ಲಿ, ಹತ್ತನೆಯ ಹೆರಿಗೆಯಲ್ಲಿ ಗ್ರೋ ತೀರಿಕೊಂಡಳು. ಆ ಸುದ್ದಿಯನ್ನು ಅವಳ ತಾಯಿತಂದೆಗೆ ಬರೆದವನು ಓಲೆ. ಬಳಿಕ ಅವನು ಮಕ್ಕಳನ್ನು ಕಟ್ಟಿಕೊಂಡು ಡಕೋಟಾದ ಕಡೆಗೆ ಹೋದ.

ನೂರೈವತ್ತು ವರ್ಷಗಳ ಹಿಂದಿನ ಬೆಟ್ಟದ ರೈತನ ಮಗಳೊಬ್ಬಳು ಹೀಗೆ ಬರೆಯಬಲ್ಲವಳಾದದ್ದು ಹೇಗೆ? ಡೆನ್ಮಾರ್ಕಿನ ಅರಸರು ನಾರ್ವೆಯನ್ನು ಆಳುತ್ತಿದ್ದಾಗ, 1736ರಲ್ಲಿ, ಪ್ರತಿ ಮಗುವೂ ಧರ್ಮಪಾಠ ಒಪ್ಪಿಸಿ ಚರ್ಚಿನಲ್ಲಿ ದೃಢೀಕರಣ ಪಡೆಯಲೇಬೇಕೆಂಬ ಕಟ್ಟಳೆ ಬಂತು. ಪಾಠ ಒಪ್ಪಿಸಲು ಓದು ಬರಬೇಕು ಎಂದು 1739ರಲ್ಲಿ ಹಳ್ಳಿಗಳಲ್ಲಿ ಶಾಲೆ ನಡೆಸುವ ಆಜ್ಞೆಯಾಯಿತು. ಬಡತನ ಅಲ್ಲಿಯೂ ಕಡಿಮೆ ಇರಲಿಲ್ಲ. ಉಳುವ ಯೋಗ್ಯತೆಯ ನೆಲ ಆ ದೇಶದಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಆದರೂ ಹೆಣ್ಣುಮಕ್ಕಳ ಕೈಗೆ ಅಕ್ಷರ ಬಂತು. ನಮ್ಮ ಮನೆಯಲ್ಲಿ ಗಂಡಸರು ವೇದ ಓದಿದ್ದರು, ಪಂಚಾಂಗ ನೋಡುತ್ತಿದ್ದರು, ಅಡಿಕೆಯ ಲೆಕ್ಕ ಬರೆಯುತ್ತಿದ್ದರು. ಅಪ್ಪಯ್ಯನ ಅಜ್ಜಿ ಮಾತ್ರ ಹೆಬ್ಬೆಟ್ಟು ಒತ್ತಿದವಳು. ಅಕ್ಷರವೇ ಇಲ್ಲದ ಮನೆಯಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಇನ್ನೂ ಹೆಚ್ಚು ಚುಚ್ಚಿದ್ದು ಹೆಸರಿಡುವ ಕ್ರಮ. ಮೊದಲ ಮಗನಿಗೆ ಅಜ್ಜನ ಹೆಸರು ಇಡುವುದು ಅವರಲ್ಲೂ ಇದೆ. ನಮ್ಮ ಮಲೆನಾಡಿನಂತೆ ಮನೆಯ ಹೆಸರಿನಿಂದ ಮನುಷ್ಯನನ್ನು ಗುರುತಿಸುವುದೂ ಇದೆ. ಆದರೆ ಹೆಣ್ಣು ಮದುವೆಯಾದ ಮೇಲೂ ಅಪ್ಪನ ಮಗಳಾಗಿಯೇ ಉಳಿಯುತ್ತಿದ್ದಳು. ಗ್ರೋ ಹುಟ್ಟಿನಿಂದ ನಿಲ್ಸ್‌ದತ್ತರ್, ಅಂದರೆ ನಿಲ್ಸನ ಮಗಳು. ನಾರ್ವೆಯಲ್ಲೇ ಇದ್ದಿದ್ದರೆ ಸಾಯುವವರೆಗೂ ಹಾಗೆಯೇ ಇರುತ್ತಿದ್ದಳು. ಆ ಎಳೆಯನ್ನು ಹಿಡಿದು ಹಿಂದೆ ಹೋದರೆ ಅಪ್ಪ ಸಿಗುತ್ತಾನೆ, ಅಪ್ಪನ ಹೊಲಮನೆ ಸಿಗುತ್ತದೆ, ತಾಯಿ ಸಿಗುತ್ತಾಳೆ. ನಮ್ಮಲ್ಲಿ ಧಾರೆಯಾದ ದಿನವೇ ಹುಡುಗಿಯ ಹೆಸರು ಬದಲಾಗುತ್ತಿತ್ತು. ತವರಿನಲ್ಲಿ ಹದಿನಾಲ್ಕು ವರ್ಷ ಕರೆಸಿಕೊಂಡ ಹೆಸರನ್ನು ಹೊಸಿಲಾಚೆ ಬಿಟ್ಟು ಬರಬೇಕಿತ್ತು. ಇದನ್ನು ಸಂಪ್ರದಾಯವೆಂದು ನಾನು ಎಷ್ಟೋ ಮದುವೆಗಳಲ್ಲಿ ಊಟ ಮಾಡಿಕೊಂಡು ನೋಡಿದ್ದೇನೆ. ಒಬ್ಬ ಮನುಷ್ಯಳನ್ನು ಅಳಿಸುವ ಕೆಲಸವೆಂದು ಒಮ್ಮೆಯೂ ಅನಿಸಿರಲಿಲ್ಲ. ಈಗ ಅನಿಸುತ್ತದೆ.

ನಾರ್ವೆಯವರೇ ಮೇಲು ಎಂದು ಬರೆದು ಮುಗಿಸಬಹುದಿತ್ತು, ಆದರೆ ಅದು ಪೂರ್ತಿ ನಿಜವಲ್ಲ. ಅಮೆರಿಕಕ್ಕೆ ಬಂದ ಗ್ರೋ ಗಂಡನ ಹೆಸರಿನೊಳಗೆ ಸೇರಿ ಸ್ವೆಂಡ್ಸನ್ ಆದಳು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ಉತ್ತು ವಾಸಿಸಿದವರಿಗೆ ಸಿಗುತ್ತಿದ್ದ 160 ಎಕರೆಯ ಹಕ್ಕುಪತ್ರ ಸಂಸಾರದ ಯಜಮಾನನ ಹೆಸರಿಗೇ ಬರುತ್ತಿತ್ತು. ಗಣತಿಯವರು ಅಂಥ ಮನೆಯ ಹೆಂಡತಿಯ ಮುಂದೆ "ಮನೆಗೆಲಸ" ಎಂದಷ್ಟೇ ಬರೆಯುತ್ತಿದ್ದರು. ಕಾಗದಗಳು ಉಳಿಯದಿದ್ದರೆ ಗ್ರೋ ಕೂಡ ಅಷ್ಟೇ ಆಗಿರುತ್ತಿದ್ದಳು. ಅವಳು ಕೊಯ್ಲು ಮಾಡಿದ ನೆಲ 1851ರ ಒಪ್ಪಂದದವರೆಗೆ ಡಕೋಟಾ ಎಂಬ ಮೂಲನಿವಾಸಿ ಜನರದು. ಬಂದವರಿಗೆ ಹಕ್ಕುಪತ್ರ ಬರೆದುಕೊಟ್ಟ ಸರ್ಕಾರ ಅಲ್ಲಿದ್ದವರ ಅಜ್ಜಿಯರ ಹೆಸರನ್ನು ಬರೆದಿಡಲಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ರೈತರ ಮನೆತನದ ವಂಶಾವಳಿ ಹೇಳುವ ಹೆಳವರ ನೆನಪಿನ ಶಕ್ತಿಯನ್ನೂ ನಾನು ಮರೆಯಬಾರದು. ಇನ್ನೊಂದು ಮಾತನ್ನು ಒಪ್ಪಿಕೊಳ್ಳುವುದು ಕಷ್ಟ: ಗ್ರೋ ಅಷ್ಟೊಂದು ಬರೆದದ್ದು ತವರು ಕಡಲಿನಾಚೆ ಉಳಿದುಬಿಟ್ಟದ್ದರಿಂದ. ನಮ್ಮ ಮುತ್ತಜ್ಜಿಯ ತವರು ಗುಡ್ಡ ಹತ್ತಿ ಇಳಿದರೆ ಸಿಗುವಷ್ಟು ಹತ್ತಿರವಿತ್ತಂತೆ. ಅವಳು ಹಬ್ಬಕ್ಕೆ ನಡೆದೇ ಹೋಗಿ ಬರುತ್ತಿದ್ದಳು.

ಆ ರಾತ್ರಿಯೇ ಅಮ್ಮನಿಗೆ ಫೋನು ಮಾಡಿದೆ. ಅಮ್ಮನಿಗೆ ಗೊತ್ತಿದ್ದದ್ದು ನಮ್ಮ ಮನೆಯವರು ಇಟ್ಟ ಹೆಸರು ಮಾತ್ರ. ಎಂಬತ್ತಾರು ವರ್ಷದ ಸೋದರತ್ತೆಯನ್ನು ಕೇಳಿದರೆ, "ತವರಿನ ಹೆಸರು ಯಾರಿಗೆ ನೆನಪಿರ್ತದೆ ಮಾರಾಯ, ಅವಳು ತಂದ ತಾಮ್ರದ ಕೊಡಪಾನ ಬಚ್ಚಲಲ್ಲಿ ಇದ್ದೀತು, ನೋಡ್ಲಿಕ್ಕೆ ಹೇಳು" ಎಂದರು. ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ಫೋಟೋ ಕಳಿಸಿದರು. ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಲ್ಲಿ ಅವಳ ಅಪ್ಪನ ಹೆಸರು, ಅದರ ಪಕ್ಕದಲ್ಲಿ ಊರಿನ ಹೆಸರು ಇತ್ತು. ವಂಶವೃಕ್ಷದಲ್ಲಿ ಮುತ್ತಜ್ಜನ ಪಕ್ಕ ಬರೆಯಲು ನನ್ನ ಬಳಿ ಈಗ ಅಷ್ಟಿದೆ: ಇಂಥ ಊರಿನ ಇಂಥವರ ಮಗಳು.