ಮೈಕ್ ಹಿಡಿದ ಪತ್ತೇದಾರಿಣಿಯ ಬಗ್ಗೆ ಒಂದು ತಕರಾರು

ಪಾಡ್‌ಕಾಸ್ಟ್ (ಇಂಟರ್ನೆಟ್ಟಿನಲ್ಲಿ ಕಂತುಕಂತಾಗಿ ಕೇಳುವ ಆಡಿಯೊ ಕಾರ್ಯಕ್ರಮ) ಮಾಡುವವಳೊಬ್ಬಳು ಸಣ್ಣ ಊರಿಗೆ ಬಂದು ಹಳೇ ಕೇಸ್ ಕೆದಕುವ ಥ್ರಿಲ್ಲರ್‌ಗಳು ಈಗ ಸಾಲುಸಾಲಾಗಿ ಬರುತ್ತಿವೆ. ಪುಸ್ತಕ ಇರಲಿ, ವೆಬ್ ಸರಣಿ ಇರಲಿ, ಶುರುವಿನಲ್ಲೇ ಎಲ್ಲರೂ ಹಾಜರಿ ಹಾಕಿಬಿಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ಹುಡುಗಿ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದು, ಈಗ ಠಾಣೆಗೇ ದೊಡ್ಡವನಾಗಿರುವ ಪೊಲೀಸ್. ಹೆಸರಿಲ್ಲದ ಒಂದು ಇಮೇಲ್. ಕಾರಿನ ಗಾಜಿಗೆ ಸಿಕ್ಕಿಸಿದ 'ಬಂದ ದಾರಿ ಹಿಡಿ' ಅನ್ನುವ ಚೀಟಿ. ಜೊತೆಗೆ ಮೊದಲ ದಿನದಿಂದ ನಗುನಗುತ್ತಾ ಸಹಾಯ ಮಾಡುವ ಒಬ್ಬ ಸಜ್ಜನ. ಅವನೇ ಕೊಲೆಗಾರ ಅಂತ ನಮಗೆ ಆಗಲೇ ಗೊತ್ತು, ಪಾಪ ಅವಳಿಗೊಬ್ಬಳಿಗೇ ಗೊತ್ತಿಲ್ಲ.

ಗೊತ್ತಿದ್ದೂ ಓದುತ್ತೇನೆ. ಈ ಚಟ ಬಿಡುವ ಯೋಚನೆಯೂ ಇಲ್ಲ. ನನ್ನ ತಕರಾರು ಬೇರೆ.

ಇಂಥ ಕತೆ ಓದುವಾಗ ಒಮ್ಮೆ ಅವಳ ಕೈಯಿಂದ ಮೈಕ್ ಕಿತ್ತು ನೋಡಿ. ಅವಳನ್ನು ಪತ್ರಕರ್ತೆ ಮಾಡಿ, ವಕೀಲೆ ಮಾಡಿ, ರಜೆಗೆ ಬಂದ ಯಾರದೋ ಚಿಕ್ಕಮ್ಮ ಅಂತ ಮಾಡಿ. ಆಗಲೂ ಕತೆ ಒಂದಿಂಚೂ ಅಲ್ಲಾಡಲ್ಲ ಅಂದರೆ ಆ ಮೈಕ್ ಸುಮ್ನೆ ಅಲಂಕಾರಕ್ಕೆ ಅಂತ ಅರ್ಥ. ಹತ್ತರಲ್ಲಿ ಎಂಟು ಥ್ರಿಲ್ಲರ್‌ಗಳು ಇಲ್ಲೇ ಮುಗ್ಗರಿಸುತ್ತವೆ ಅಂತ ನನ್ನ ಅನಿಸಿಕೆ.

ಯಾಕೆ ಅಂದರೆ, ಪಾಡ್‌ಕಾಸ್ಟ್ ಮಾಡುವವಳು ಉಳಿದ ಪತ್ತೇದಾರರ ಹಾಗಲ್ಲ. ಪೊಲೀಸರು ತನಿಖೆ ಮುಗಿಯುವ ತನಕ ಬಾಯಿಬಿಡಲ್ಲ. ಹಳೇ ಕಾದಂಬರಿಯ ಪತ್ತೇದಾರ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿಕೊಂಡು ಹೇಳುತ್ತಾನೆ. ಇವಳು ಅದಕ್ಕೆ ಪೂರ್ತಿ ಉಲ್ಟಾ. ತನಿಖೆ ಅರ್ಧ ಆಗಿರುವಾಗಲೇ ಸಿಕ್ಕಿದ್ದನ್ನೆಲ್ಲ ವಾರವಾರ ಊರಿಗೆ ಕೇಳಿಸುತ್ತಾಳೆ. ಊರು ಕೇಳಿಸಿಕೊಳ್ಳುತ್ತೆ. ಸಾಕ್ಷಿಗಳೂ ಕೇಳಿಸಿಕೊಳ್ಳುತ್ತಾರೆ. ಕೊಲೆಗಾರನೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮುಂದಿನ ಕಂತಿಗೆ ಕಾಯುತ್ತಾನೆ. ಅವಳಿಗೆ ಎಷ್ಟು ಗೊತ್ತಾಗಿದೆ, ಎಷ್ಟು ಗೊತ್ತಾಗಿಲ್ಲ ಅಂತ ಅವನಿಗೆ ಪ್ರತಿ ವಾರ ಪುಕ್ಕಟೆ ವರದಿ!

ಎರಡನೇ ಕಂತಿನಲ್ಲಿ ಒಬ್ಬಳು 'ಅವತ್ತು ರಾತ್ರಿ ನೀಲಿ ಕಾರೊಂದು ನಿಂತಿತ್ತೇನೋ' ಅಂತ ಅನುಮಾನದಲ್ಲೇ ಹೇಳುತ್ತಾಳೆ ಅಂದುಕೊಳ್ಳಿ. ಐದನೇ ಕಂತಿನ ಹೊತ್ತಿಗೆ ಇನ್ನೂ ನಾಲ್ಕು ಜನಕ್ಕೆ ಅದೇ ನೀಲಿ ಕಾರು ನೆನಪಾಗಿರುತ್ತೆ. ಯಾರೂ ಸುಳ್ಳು ಹೇಳುತ್ತಿಲ್ಲ. ನೆನಪು ಅನ್ನೋದೇ ಹಾಗೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರಜ್ಞರು ಕಾರುಗಳ ಅಪಘಾತದ ಫಿಲ್ಮ್ ತೋರಿಸಿ ಒಂದು ಪ್ರಯೋಗ ಮಾಡಿದ್ದರು. ಗಾಡಿಗಳು ಡಿಕ್ಕಿ ಹೊಡೆದಾಗ ಎಷ್ಟು ವೇಗ ಇತ್ತು ಅಂತ ಕೆಲವರನ್ನು ಕೇಳಿದರು. ಇನ್ನು ಕೆಲವರಿಗೆ ಅದೇ ಪ್ರಶ್ನೆಯನ್ನು, ಗಾಡಿಗಳು ಅಪ್ಪಚ್ಚಿಯಾದವು ಅನ್ನುವ ಧಾಟಿಯಲ್ಲಿ ಕೇಳಿದರು. ಒಂದು ವಾರ ಬಿಟ್ಟು ನೋಡಿದರೆ, ಜೋರು ಪ್ರಶ್ನೆ ಕೇಳಿಸಿಕೊಂಡವರಲ್ಲಿ ಒಡೆದ ಗಾಜು ನೋಡಿದ್ದೇವೆ ಅಂದವರು ಜಾಸ್ತಿ ಇದ್ದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಪ್ರಶ್ನೆಗೇ ಇಷ್ಟು ಶಕ್ತಿ ಇದ್ದರೆ, ಹಿನ್ನೆಲೆ ಸಂಗೀತದ ಜೊತೆ ಬರುವ ಮುಕ್ಕಾಲು ಗಂಟೆಯ ಕಂತಿಗೆ ಎಷ್ಟಿರಬೇಡ?

ಇದು ಬರೀ ಕಲ್ಪನೆಯ ಮಾತಲ್ಲ. ಆಸ್ಟ್ರೇಲಿಯಾದಲ್ಲಿ 2018ರಲ್ಲಿ 'ದ ಟೀಚರ್ಸ್ ಪೆಟ್' ಅನ್ನುವ ಪಾಡ್‌ಕಾಸ್ಟ್ ಬಂತು. ಮಾಡಿದವರು ಹೆಡ್ಲಿ ಥಾಮಸ್, ವೃತ್ತಿಯಲ್ಲಿ ಪತ್ರಕರ್ತರು. 1982ರ ಜನವರಿಯಲ್ಲಿ ಸಿಡ್ನಿಯಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಕಾಣೆಯಾಗಿದ್ದಳು. ಮನೆ ಬಿಟ್ಟು ಹೋದಳು ಅಂತ ಗಂಡ ಹೇಳಿದ್ದ. ಅವನು ಶಾಲೆಯಲ್ಲಿ ಮೇಷ್ಟ್ರು, ಅದಕ್ಕೂ ಮೊದಲು ರಗ್ಬಿ ಆಟಗಾರ. ಪಾಡ್‌ಕಾಸ್ಟ್ ಲಕ್ಷಾಂತರ ಜನರ ಕಿವಿಗೆ ಬಿತ್ತು, ಅದೇ ವರ್ಷ ಡಿಸೆಂಬರ್‌ನಲ್ಲಿ ಗಂಡನ ಬಂಧನವೂ ಆಯಿತು. ಥ್ರಿಲ್ಲರ್ ಆಗಿದ್ದರೆ ಇಲ್ಲಿಗೆ ಶುಭಂ.

ಆದರೆ ನಿಜವಾದ ಕತೆ ಶುರುವಾಗೋದೇ ಇಲ್ಲಿ. ದೇಶವೆಲ್ಲಾ ಇದನ್ನು ಕೇಳಿ ಆಗಲೇ ತೀರ್ಪು ಕೊಟ್ಟಾಗಿದೆ, ಇನ್ನು ನ್ಯಾಯವಾದ ವಿಚಾರಣೆ ಹೇಗೆ ಸಾಧ್ಯ ಅಂತ ಆರೋಪಿಯ ವಕೀಲರು ಪಟ್ಟು ಹಿಡಿದರು. 2019ರಲ್ಲಿ ಪಾಡ್‌ಕಾಸ್ಟನ್ನೇ ಆಸ್ಟ್ರೇಲಿಯಾದ ಕೇಳುಗರಿಗೆ ಸಿಗದ ಹಾಗೆ ತೆಗೆದುಹಾಕಬೇಕಾಯಿತು. ವಿಚಾರಣೆ ಮುಂದಕ್ಕೆ ಹೋಯಿತು. ಕೊನೆಗೆ ಜ್ಯೂರಿಯೇ (ತೀರ್ಪು ಕೊಡಲು ಆರಿಸಿದ ಜನಸಾಮಾನ್ಯರ ಗುಂಪು) ಇಲ್ಲದೆ ಒಬ್ಬ ನ್ಯಾಯಾಧೀಶರೇ ಕೂತು ಕೇಳಿದರು. 2022ರ ಆಗಸ್ಟ್‌ನಲ್ಲಿ ಅವನೇ ಅಪರಾಧಿ ಅಂತ ತೀರ್ಪು ಬಂತು. ಜೊತೆಗೆ, ಪಾಡ್‌ಕಾಸ್ಟಿನಲ್ಲಿ ಸಮತೋಲನ ಇರಲಿಲ್ಲ ಅಂತ ನ್ಯಾಯಾಧೀಶರು ಕುಟುಕಿದರು. ಹೆಣ ಇವತ್ತಿಗೂ ಸಿಕ್ಕಿಲ್ಲ. ಅಂದರೆ ಕೇಸನ್ನು ಗುಂಡಿಯಿಂದ ಎತ್ತಿದ್ದೂ ಆ ಪಾಡ್‌ಕಾಸ್ಟೇ, ಮತ್ತೆ ಗುಂಡಿಗೆ ಬೀಳಿಸಿಬಿಡುತ್ತೇನೋ ಅಂತ ಹೆದರಿಸಿದ್ದೂ ಅದೇ. ಇಂಥ ಇಕ್ಕಟ್ಟು ಕೈಯಲ್ಲಿರುವಾಗ ಥ್ರಿಲ್ಲರ್ ಬರೆಯುವವರು ಕಾಡಿನಲ್ಲಿ ಟಾರ್ಚ್ ಹಿಡಿದು ಓಡಿಸುವ ದೃಶ್ಯಕ್ಕೆ ಯಾಕೆ ಜೋತು ಬೀಳುತ್ತಾರೋ!

ಇನ್ನು ಎಡಿಟಿಂಗ್. ಈ ನಾಯಕಿಯರು ಯಾವಾಗ ನೋಡಿದರೂ ಕಾರಿನಲ್ಲಿರುತ್ತಾರೆ, ಇಲ್ಲವೇ ಯಾರದೋ ಬಾಗಿಲು ಬಡಿಯುತ್ತಿರುತ್ತಾರೆ. ಎಡಿಟ್ ಮಾಡಲು ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ನಿಜವಾದ ಅಪಾಯ ಇರೋದು ಅಲ್ಲಿ. ಒಬ್ಬ ವಯಸ್ಸಾದ ತಾಯಿಯ ಹತ್ತಿರ ಎರಡು ಗಂಟೆ ಮಾತಾಡಿಸಿದ್ದಾಳೆ ಅಂತಿಟ್ಟುಕೊಳ್ಳಿ. ಕಂತಿಗೆ ಬೇಕಾಗಿರೋದು ನಾಲ್ಕೇ ನಿಮಿಷ. 'ಅವತ್ತು ರಾತ್ರಿ ನಿಮ್ಮ ಮಗ ಎಲ್ಲಿದ್ದ?' ಅಂತ ಕೇಳಿದ್ದಾಳೆ. ಸ್ಕ್ರೀನಿನ ಮೇಲೆ ಧ್ವನಿಯ ಗೆರೆ ಏಳೆಂಟು ಸೆಕೆಂಡ್ ಚಪ್ಪಟೆಯಾಗಿ ಮಲಗಿದೆ. ಆಮೇಲೆ ಒಂದು ಉಸಿರು. ಆಮೇಲೆ 'ಮನೇಲೇ ಇದ್ದ.' ಆ ಮೌನವನ್ನು ಹಾಗೇ ಬಿಟ್ಟು, ಕೆಳಗೆ ಸಣ್ಣಗೆ ಪಿಟೀಲು ಸೇರಿಸಿದರೆ ಆಕೆ ಸುಳ್ಳುಗಾತಿ. ಮೌನ ಕತ್ತರಿಸಿದರೆ ಆಕೆ ನೆಟ್ಟಗೆ ಉತ್ತರ ಕೊಟ್ಟ ಹೆಂಗಸು. ನಿಜವಾಗಿ ಆಕೆಗೆ ಪ್ರಶ್ನೆ ಸರಿಯಾಗಿ ಕೇಳಿಸದೇ ಇದ್ದಿರಬಹುದು, ಅಷ್ಟೇ. ಆ ಏಳು ಸೆಕೆಂಡಿನ ಮುಂದೆ ಕೂತು ರಾತ್ರಿಯೆಲ್ಲಾ ಒದ್ದಾಡುವ ನಾಯಕಿ ಸಿಕ್ಕರೆ ನಾನು ಪುಸ್ತಕ ಕೆಳಗಿಡಲ್ಲ. ಅಳುವ ಅಮ್ಮನಿಗೂ ಮುಂದೆ ಬರುವ ಹಾಸಿಗೆ ಜಾಹೀರಾತಿಗೂ ಮಧ್ಯೆ ಎಷ್ಟು ಸೆಕೆಂಡ್ ಬಿಡಬೇಕು ಅನ್ನುವ ಲೆಕ್ಕವನ್ನೂ ಯಾರಾದರೂ ಬರೆಯಿರಪ್ಪ.

ಊರಿನ ವಿಷಯಕ್ಕೆ ಬರೋಣ. ಥ್ರಿಲ್ಲರ್‌ಗಳಲ್ಲಿ ಸಣ್ಣ ಊರಿನ ಗುಟ್ಟು ಅಂದರೆ ತಿಜೋರಿಯಲ್ಲಿ ಬೀಗ ಹಾಕಿಟ್ಟ ವಸ್ತು. ಬೀಗದಕೈ ಸಿಕ್ಕರೆ ಮುಗೀತು. ನನಗೆ ಇದು ಸುಳ್ಳು ಅನಿಸುತ್ತೆ. ಸಣ್ಣ ಊರಿನಲ್ಲಿ ಗುಟ್ಟು ಅರ್ಧ ಊರಿಗೆ ಗೊತ್ತೇ ಇರುತ್ತೆ. ಯಾರೂ ಬಾಯಿಬಿಡಲ್ಲ, ಅಷ್ಟೇ. ಬಾಯಿಬಿಟ್ಟರೆ ನಾಳೆ ಅದೇ ಮನೆಯವರ ಮುಖ ನೋಡಬೇಕು. ಅವರ ಕಾರ್ಖಾನೆಯಲ್ಲೇ ಮಗ ಕೆಲಸಕ್ಕಿದ್ದಾನೆ, ಅವರ ಸೊಸೆಯೇ ಮೊಮ್ಮಗಳಿಗೆ ಟೀಚರ್. ಹಾಗಾಗಿ ಎಲ್ಲಾ ಬೂದಿ ಮುಚ್ಚಿದ ಕೆಂಡ. ಹೊರಗಿನವಳ ಹತ್ತಿರ ಜನ ಮಾತಾಡೋದು ಅವಳು ಬುದ್ಧಿವಂತೆ ಅಂತಲ್ಲ. ಅವಳು ಒಂದಲ್ಲ ಒಂದು ದಿನ ಊರು ಬಿಟ್ಟು ಹೋಗುತ್ತಾಳೆ ಅಂತ.

ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಆದದ್ದು ಇದಕ್ಕೆ ಹತ್ತಿರ. ಅಲ್ಲಿ 1996ರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪಾರ್ಟಿಯಿಂದ ಹಾಸ್ಟೆಲ್‌ಗೆ ಹೊರಟವಳು ಮತ್ತೆ ಕಾಣಲಿಲ್ಲ. ಕೊನೆಗೆ ಅವಳ ಜೊತೆ ಕಂಡ ಹುಡುಗನ ಮೇಲೆ ಮೊದಲಿನಿಂದಲೂ ಎಲ್ಲರಿಗೂ ಅನುಮಾನ. ಹೆಸರು ಗುಟ್ಟೇ ಆಗಿರಲಿಲ್ಲ. ಆದರೂ ಹೆಚ್ಚುಕಡಿಮೆ 25 ವರ್ಷ ಏನೂ ಆಗಲಿಲ್ಲ. ಕೊನೆಗೆ ಇದಕ್ಕೆ ಕೈಹಾಕಿದ ಕ್ರಿಸ್ ಲ್ಯಾಂಬರ್ಟ್ ಪತ್ರಕರ್ತರೂ ಅಲ್ಲ, ಪೊಲೀಸೂ ಅಲ್ಲ. ಹಾಡು ಬರೆದು ಹಾಡುವವರು. ಅವಳ ಫೋಟೋ ಇದ್ದ ರಸ್ತೆಬದಿಯ ಬೋರ್ಡ್ ನೋಡಿ ತಲೆಗೆ ಹುಳ ಬಿಟ್ಟುಕೊಂಡು 2019ರಲ್ಲಿ 'ಯುವರ್ ಓನ್ ಬ್ಯಾಕ್‌ಯಾರ್ಡ್' ಅನ್ನುವ ಪಾಡ್‌ಕಾಸ್ಟ್ ಶುರು ಮಾಡಿದರು. ಅದನ್ನು ಕೇಳಿ ಜನ ಮಾತಾಡಲು ಮುಂದೆ ಬಂದರು. 2021ರಲ್ಲಿ ಬಂಧನ, 2022ರಲ್ಲಿ ಶಿಕ್ಷೆಗೆ ದಾರಿಯಾದ ತೀರ್ಪು. ಪಾಡ್‌ಕಾಸ್ಟಿನಿಂದ ಅನುಕೂಲ ಆಯಿತು ಅಂತ ಅಲ್ಲಿನ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್ ಅವರೇ ಒಪ್ಪಿಕೊಂಡರು. ಆದರೆ ಅಷ್ಟು ಸುದ್ದಿಯಾಗಿದ್ದಕ್ಕೇ ವಿಚಾರಣೆಯನ್ನು ಬೇರೆ ಕೌಂಟಿಗೆ, ಅಂದರೆ ಬೇರೆ ಜಿಲ್ಲೆಗೆ ಸಾಗಿಸಬೇಕಾಯಿತು. ಇಲ್ಲೂ ಅದೇ ಎರಡಲಗಿನ ಕತ್ತಿ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಿನೋನಾ ಊರಿನ ಕೇಸಿನಲ್ಲಿ ಓಡಾಟಕ್ಕಿಂತ ಕಾಗದ ಗೆದ್ದಿತು. ಕರ್ಟಿಸ್ ಫ್ಲವರ್ಸ್ ಅನ್ನುವ ಕಪ್ಪು ವ್ಯಕ್ತಿಯ ಮೇಲೆ ಒಂದೇ ಅಪರಾಧಕ್ಕೆ ಆರು ಸಲ ವಿಚಾರಣೆ ನಡೆದಿತ್ತು. 'ಇನ್ ದ ಡಾರ್ಕ್' ಪಾಡ್‌ಕಾಸ್ಟಿನ ತಂಡ ಕೋರ್ಟಿನ ಹಳೇ ದಾಖಲೆಗಳನ್ನು ಗುಡ್ಡೆ ಹಾಕಿಕೊಂಡು ಎಣಿಸಿತು. ಸರ್ಕಾರಿ ವಕೀಲರು ಕಪ್ಪು ಜನರನ್ನು ಜ್ಯೂರಿಯಿಂದ ಕೈಬಿಡುವ ಪ್ರಮಾಣ ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಅಂತ ತೋರಿಸಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು, ಮರುವರ್ಷ ಕೇಸೇ ಕೈಬಿಟ್ಟರು. ಫೋಟೋಕಾಪಿ ತೆಗೆಯುವ ದೃಶ್ಯದಿಂದ ಥ್ರಿಲ್ ಹುಟ್ಟಿಸೋದು ಕಷ್ಟ, ಒಪ್ಪಿದೆ. ಆದರೆ ಒಳ್ಳೇ ಬರಹಗಾರರಿಗೆ ಅದೇ ಸವಾಲಲ್ವಾ?

ಇನ್ನೊಂದು ಆಸೆ, ಮುಗಿಯದ ಕತೆಯದ್ದು. ಈ ಹುಚ್ಚಿಗೆಲ್ಲ ಕಿಡಿ ಹಚ್ಚಿದ್ದು 2014ರಲ್ಲಿ ಸಾರಾ ಕೇನಿಗ್ ಮಾಡಿದ 'ಸೀರಿಯಲ್' ಪಾಡ್‌ಕಾಸ್ಟ್ ತಾನೇ. ಅಮೆರಿಕದ ಬಾಲ್ಟಿಮೋರಿನಲ್ಲಿ 1999ರಲ್ಲಿ ಆದ ಹುಡುಗಿಯೊಬ್ಬಳ ಕೊಲೆ, ಅದಕ್ಕಾಗಿ ಜೈಲಿನಲ್ಲಿದ್ದ ಅದ್ನಾನ್ ಸೈಯದ್. 12 ಕಂತು ಮುಗಿದರೂ ಆಕೆ ಖಡಾಖಂಡಿತವಾಗಿ ಏನೂ ಹೇಳಲಿಲ್ಲ. ಆಮೇಲಿನದು ನೋಡಿ. 2022ರಲ್ಲಿ ಶಿಕ್ಷೆ ರದ್ದಾಗಿ ಆತ ಹೊರಬಂದ. 2023ರಲ್ಲಿ ಅಪರಾಧಿ ಅನ್ನುವ ತೀರ್ಪು ಮತ್ತೆ ಊರ್ಜಿತವಾಯಿತು. ಕಾರಣ, ಶಿಕ್ಷೆ ರದ್ದು ಮಾಡಿದ ಆ ವಿಚಾರಣೆಗೆ ಬರಲು ಸತ್ತ ಹುಡುಗಿಯ ತಮ್ಮನಿಗೆ ಸಾಕಷ್ಟು ಸಮಯ ಕೊಟ್ಟಿರಲಿಲ್ಲ. 2025ರಲ್ಲಿ ನ್ಯಾಯಾಧೀಶೆ ಶಿಕ್ಷೆ ಕಡಿಮೆ ಮಾಡಿದರು. ಆತ ಹೊರಗೇ ಇದ್ದಾನೆ, ಅಪರಾಧಿ ಅನ್ನೋದು ಹಾಗೇ ಇದೆ. ಪಾಡ್‌ಕಾಸ್ಟ್ ಮುಗಿದು ಹತ್ತು ವರ್ಷ ಆದಮೇಲೂ ಆ ಎರಡು ಮನೆಗಳಿಗೆ ಕಂತುಗಳು ಬರುತ್ತಲೇ ಇದ್ದವು.

ಇಂಥ ಕತೆ ಬರೆದವರು ಯಾರಾದರೂ ಇದ್ದರೆ ಹೆಸರು ಹೇಳಿ, ಇವತ್ತೇ ತರಿಸಿಕೊಳ್ಳುತ್ತೇನೆ. ಒಂದೇ ಷರತ್ತು. ಕೊನೆಯಲ್ಲಿ ಕೊಲೆಗಾರ ಅವಳ ಮುಂದೆ ಕೂತು ಇಪ್ಪತ್ತು ನಿಮಿಷ ಎಲ್ಲಾ ಒಪ್ಪಿಕೊಳ್ಳೋದು, ಅವಳ ಜೇಬಿನಲ್ಲಿ ರೆಕಾರ್ಡರ್ ಆನ್ ಆಗಿರೋದು, ಅದು ಮಾತ್ರ ಬೇಡ.